ಎಚ್‌ಆರ್‌ಒ ರಿಸೀವರಿನ ಟ್ಯೂನಿಂಗ್ ಗೇರಿನಲ್ಲಿ ಪ್ಲೇ: ಬಿಚ್ಚುವ ಮೊದಲು ಏನು ನೋಡಬೇಕು?

ಮಲೆನಾಡಿನ ಕೇಳುಗ (ತೀರ್ಥಹಳ್ಳಿ)

ಎಲ್ಲ ಹಿರಿಯ ಹವ್ಯಾಸಿಗಳಿಗೆ ನಮಸ್ಕಾರ. ನನ್ನ ದೊಡ್ಡಪ್ಪನವರು ದಶಕಗಳ ಕಾಲ ಹ್ಯಾಮ್, ಅಂದರೆ ರೇಡಿಯೊ ಹವ್ಯಾಸಿ, ಆಗಿದ್ದವರು. ಅವರು ತೀರಿಕೊಂಡ ಮೇಲೆ ಅವರ ನ್ಯಾಷನಲ್ ಕಂಪನಿಯ ಎಚ್‌ಆರ್‌ಒ ಎಂಬ ಶಾರ್ಟ್‌ವೇವ್ ರೇಡಿಯೊ ರಿಸೀವರನ್ನು ದೊಡ್ಡಮ್ಮ ನನಗೆ ಕೊಟ್ಟರು. ಗಾಜಿನ ವಾಲ್ವುಗಳಿರುವ ಹಳೆಯ ಮಾದರಿ ಅದು. ಎ, ಬಿ, ಸಿ, ಡಿ ಎಂಬ ನಾಲ್ಕೂ ಕಾಯಿಲ್ ಡ್ರಾಯರ್‌ಗಳಿವೆ (ಆವರ್ತನದ ಪಟ್ಟಿ ಬದಲಿಸಲು ತೆಗೆದು ಹಾಕುವ ಸುರುಳಿಗಳ ಪೆಟ್ಟಿಗೆಗಳು), ಪ್ರತ್ಯೇಕವಾದ ಪವರ್ ಸಪ್ಲೈ ಪೆಟ್ಟಿಗೆಯೂ ಇದೆ. ಹನ್ನೆರಡು ವರ್ಷ ಅಟ್ಟದ ಮೇಲಿದ್ದ ಈ ಯಂತ್ರವನ್ನು ಕಳೆದ ಬೇಸಿಗೆಯಲ್ಲಿ ಕೆಳಗಿಳಿಸಿ, ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳನ್ನೂ ರಿಸೀವರಿನೊಳಗಿನ ಕಾಗದದ ಕಂಡೆನ್ಸರ್‌ಗಳನ್ನೂ ಬದಲಿಸಿದ್ದೇನೆ. ವಾಲ್ವುಗಳು ಆರೋಗ್ಯವಾಗಿವೆ, ಸಂಕೇತಗಳು ಚೆನ್ನಾಗಿಯೇ ಕೇಳಿಸುತ್ತಿವೆ. ತೊಂದರೆ ಇರುವುದು ಟ್ಯೂನಿಂಗ್‌ನಲ್ಲಿ.

ಮೊದಲನೆಯದಾಗಿ, ದೊಡ್ಡ ಡಯಲ್ಲನ್ನು ತಿರುಗಿಸುವಾಗ ಕೆಲವು ಕಡೆ ಭಾರವಾಗಿಯೂ ಕೆಲವು ಕಡೆ ಹಗುರವಾಗಿಯೂ ಇದ್ದು, ಮಧ್ಯೆ ಮಧ್ಯೆ ಗಟ್ಟಿಯಾದ ಬೆಲ್ಲದಲ್ಲಿ ಸೌಟು ಆಡಿಸಿದ ಅನುಭವವಾಗುತ್ತದೆ. ಎರಡನೆಯದಾಗಿ, ಒಂದು ನಿಲ್ದಾಣವನ್ನು ದಾಟಿ ಹೋಗಿ ಹಿಂದಕ್ಕೆ ತಿರುಗಿಸಿದರೆ ಅದು ಮೊದಲು ಸಿಕ್ಕಿದ ಅಂಕಿಯಲ್ಲಿ ಸಿಗುವುದಿಲ್ಲ. ಡಯಲ್ ಸ್ವಲ್ಪ ದೂರ ಬರಿದೇ ತಿರುಗಿದ ಮೇಲೆ ಸಿಗುತ್ತದೆ; ಈ ಸಡಿಲವನ್ನೇ ಪ್ಲೇ ಎಂದಿದ್ದೇನೆ. ಮೂರನೆಯದಾಗಿ, ಕೆಲವೊಮ್ಮೆ ನಾನು ಡಯಲ್ಲನ್ನು ಮುಟ್ಟದೆ ಇದ್ದಾಗಲೂ ಸಂಕೇತ ಥಟ್ಟನೆ ಜಾರಿ ಬೇರೆ ಕಡೆ ಹೋಗಿಬಿಡುತ್ತದೆ. ಇವೆಲ್ಲವೂ ಗೇರ್‌ಪೆಟ್ಟಿಗೆಯ ಸವೆತದಿಂದಲೇ ಆಗುತ್ತಿವೆ ಎಂದು ನನ್ನ ಊಹೆ. ನಮ್ಮ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಇಡೀ ಗೇರ್‌ಪೆಟ್ಟಿಗೆಯನ್ನು ಹೊರತೆಗೆದು ತಂದರೆ ಹಲ್ಲುಗಳನ್ನು ಪರೀಕ್ಷಿಸಿ ಕೊಡುತ್ತೇನೆ ಎಂದಿದ್ದಾರೆ.

ಆದರೆ ಗ್ಯಾಂಗ್ ಕಂಡೆನ್ಸರಿನ (ಡಯಲ್ ತಿರುಗಿಸಿದಂತೆ ಒಟ್ಟಿಗೆ ತಿರುಗಿ ನಿಲ್ದಾಣ ಹಿಡಿಯುವ ಪ್ಲೇಟುಗಳ ಜೋಡಣೆ) ನಾಲ್ಕು ಭಾಗಗಳೂ ಆ ಪೆಟ್ಟಿಗೆಯ ಎರಡು ಬದಿಗೆ ಹೊಂದಿಕೊಂಡಿರುವುದನ್ನು ನೋಡಿದ ಮೇಲೆ ಕೈ ಹಿಂದೆ ಸರಿಯಿತು. ಒಮ್ಮೆ ಬಿಚ್ಚಿದರೆ ಡ್ರಾಯರ್‌ಗಳ ಮುಖದ ಮೇಲಿರುವ ಆವರ್ತನದ ನಕ್ಷೆಗಳಿಗೂ ಡಯಲ್ಲಿಗೂ ಹೊಂದಾಣಿಕೆ ತಪ್ಪೀತು ಎಂಬ ಭಯವಿದೆ. ಆ ನಕ್ಷೆಗಳ ಅಂಚಿನಲ್ಲಿ ದೊಡ್ಡಪ್ಪ ತಮ್ಮ ಗೆಳೆಯರು ಸಿಗುತ್ತಿದ್ದ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಆ ಗುರುತುಗಳು ಸುಳ್ಳಾಗದಂತೆ ಈ ಕೆಲಸ ಮುಗಿಸಬೇಕೆಂಬುದು ನನ್ನ ಆಸೆ. ಬಿಚ್ಚಲೇಬೇಕೇ, ಬಿಚ್ಚುವುದಾದರೆ ಯಾವ ಕ್ರಮದಲ್ಲಿ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹಳೆಯ ವಾಲ್ವು (ಬೆಂಗಳೂರು)

ನಮಸ್ಕಾರ. ಗಡಿಯಾರದ ಹಿರಿಯರ ಬಳಿಗೆ ಸದ್ಯಕ್ಕೆ ಹೋಗಬೇಡಿ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿರುವ ಸಾಧ್ಯತೆಯೇ ಹೆಚ್ಚು. ಅವುಗಳಲ್ಲಿ ಗೇರಿನ ಹಲ್ಲು ಸವೆಯುವುದು ಅತಿ ಅಪರೂಪದ್ದು, ಏಕೆಂದರೆ ಆ ಗೇರಿನ ಮೇಲೆ ಬೀಳುವ ಭಾರ ಬಹಳ ಕಡಿಮೆ.

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳೋಣ. ಡಯಲ್ಲಿನ ಅಕ್ಷದಲ್ಲಿ ವರ್ಮ್, ಅಂದರೆ ಸ್ಕ್ರೂವಿನಂಥ ಗೇರ್, ಇದೆ. ಅದು ಗ್ಯಾಂಗಿನ ನಡುವೆ ಕೂತಿರುವ ಚಕ್ರವನ್ನು 20ಕ್ಕೆ 1ರ ಪ್ರಮಾಣದಲ್ಲಿ ತಿರುಗಿಸುತ್ತದೆ. ಹಾಗಾಗಿ ಡಯಲ್ 10 ಸುತ್ತು ತಿರುಗಿದಾಗ ಗ್ಯಾಂಗ್ ಅರ್ಧ ಸುತ್ತು ತಿರುಗಿ ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆದ ಸ್ಥಿತಿಗೆ ಬರುತ್ತದೆ. ಸುತ್ತಿಗೆ 50 ಗೆರೆಗಳಂತೆ 0ಯಿಂದ 500ರವರೆಗೆ ಅಂಕಿಗಳು ಕಿಟಕಿಗಳಲ್ಲಿ ಬದಲಾಗುತ್ತ ಹೋಗುತ್ತವೆ. ಚಕ್ರವು ಎರಡು ಪದರಗಳಾಗಿ ಸೀಳಿದ್ದು, ನಡುವಿನ ಸ್ಪ್ರಿಂಗ್ ಆ ಎರಡು ಪದರಗಳನ್ನು ವಿರುದ್ಧ ದಿಕ್ಕಿಗೆ ತಳ್ಳಿ ವರ್ಮಿನ ಹಲ್ಲನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಮೂಲ ಗ್ರೀಸ್ ದಶಕಗಳಲ್ಲಿ ಒಣಗಿ ಮೇಣವಾದಾಗ ಈ ಎರಡು ಪದರಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಇದ್ದೂ ಇಲ್ಲದಂತಾಗುತ್ತದೆ. ನಿಮ್ಮ ಭಾರವೂ ಪ್ಲೇಯೂ ಈ ಒಂದೇ ಕಾರಣದಿಂದ ಬಂದಿರಬಹುದು.

ಪರೀಕ್ಷೆ ಹೀಗೆ ಮಾಡಿ. ಸಿ ಡ್ರಾಯರನ್ನು ಬ್ಯಾಂಡ್‌ಸ್ಪ್ರೆಡ್‌ಗೆ (ಕಿರಿದಾದ ಪಟ್ಟಿಯೊಂದನ್ನು ಡಯಲ್ಲಿನ ಹೆಚ್ಚಿನ ಭಾಗಕ್ಕೆ ಹರಡುವ ಕ್ರಮ) ಹೊಂದಿಸಿ ಒಂದು ಗಂಟೆ ಬಿಸಿಯಾಗಲು ಬಿಡಿ. ಬಿಎಫ್‌ಒ (ಸಂಕೇತದೊಡನೆ ಸೇರಿ ಸೀಟಿಯ ಸ್ವರ ಹುಟ್ಟಿಸುವ ಒಳಗಿನ ಮಂಡಲ) ಹಾಕಿ, ಕದಲದ ಒಂದು ಪ್ರಸಾರ ನಿಲ್ದಾಣವನ್ನು ಕೆಳಗಿನಿಂದ ಮೇಲಕ್ಕೆ ಬಂದು ಸೀಟಿಯ ಸ್ವರ ಸೊನ್ನೆಯಾಗುವ ಜಾಗದಲ್ಲಿ ನಿಲ್ಲಿಸಿ ಅಂಕಿ ಬರೆದುಕೊಳ್ಳಿ. ಅನಂತರ ಮೇಲಿನಿಂದ ಕೆಳಕ್ಕೆ ಬಂದು ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ನಿಮ್ಮ ಪ್ಲೇ. ಬಳಿಕ ಸೀಟಿ ಕೇಳುತ್ತಿರುವಾಗಲೇ ಡಯಲ್ಲನ್ನು ತಿರುಗಿಸದೆ ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ, ಮುಂದಕ್ಕೆ ಒತ್ತಿ. ಸ್ವರ ಬದಲಾದರೆ ವರ್ಮ್ ತನ್ನ ಅಕ್ಷದ ಉದ್ದಕ್ಕೆ ಹಿಂದುಮುಂದಾಗುತ್ತಿದೆ ಎಂದರ್ಥ. ಅದು ತುದಿಯ ಬೇರಿಂಗಿನ ಸಡಿಲ, ಹಲ್ಲಿನದಲ್ಲ. ಕೊನೆಯಲ್ಲಿ ಡ್ರಾಯರಿನ ಮೇಲೆಯೂ ಗ್ಯಾಂಗಿನ ಚೌಕಟ್ಟಿನ ಮೇಲೆಯೂ ಒಣ ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಸೀಟಿಯ ಸ್ವರ ಜಿಗಿದರೆ ತಪ್ಪು ಆಸಿಲೇಟರ್ ಭಾಗದಲ್ಲಿದೆ; ಯಾವ ಆವರ್ತನ ಕೇಳಬೇಕೆಂದು ನಿರ್ಧರಿಸುವ ಭಾಗ ಅದು. ಸ್ವರ ಹಾಗೆಯೇ ಇದ್ದು ಸದ್ದು ಮಾತ್ರ ಏರಿಳಿದರೆ ಉಳಿದ ಮೂರು ಭಾಗಗಳಲ್ಲಿ ಒಂದರಲ್ಲಿದೆ.

ಒಂದು ಎಚ್ಚರಿಕೆ. ಈ ಯಂತ್ರದೊಳಗೆ ಸುಮಾರು 230ರಿಂದ 250 ವೋಲ್ಟ್ ಡಿ.ಸಿ. ಓಡಾಡುತ್ತದೆ. ತಟ್ಟಿ ನೋಡುವುದನ್ನು ಬಿಟ್ಟು ಉಳಿದ ಯಾವ ಕೆಲಸಕ್ಕೂ ಮುಂಭಾಗದ ಬಿ ಪ್ಲಸ್ (ಆ ಡಿ.ಸಿ. ವೋಲ್ಟೇಜಿನ) ಸ್ವಿಚ್ಚನ್ನು ನಂಬದೆ ಗೋಡೆಯ ಪ್ಲಗ್ಗನ್ನೇ ಕೀಳಬೇಕು. ಫಿಲ್ಟರ್ ಕಂಡೆನ್ಸರ್‌ಗಳು ಖಾಲಿಯಾಗಿವೆಯೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಬೇಕು.

ಮಲೆನಾಡಿನ ಕೇಳುಗ (ತೀರ್ಥಹಳ್ಳಿ)

ವಿವರವಾದ ಉತ್ತರಕ್ಕೆ ಕೃತಜ್ಞ. ನಿನ್ನೆ ರಾತ್ರಿ ಮಳೆ ನಿಂತ ಮೇಲೆ ಕೂತು ಎಲ್ಲವನ್ನೂ ಮಾಡಿ ನೋಡಿದೆ.

7.2 ಮೆಗಾಹರ್ಟ್ಸಿಗಿಂತ ಸ್ವಲ್ಪ ಮೇಲಿರುವ ಒಂದು ಪ್ರಸಾರ ನಿಲ್ದಾಣ ಕೆಳಗಿನಿಂದ ಬಂದಾಗ 342ರಲ್ಲಿಯೂ ಮೇಲಿನಿಂದ ಬಂದಾಗ 336ರಲ್ಲಿಯೂ ಸಿಕ್ಕಿತು. ಐದು ಸಲ ಮಾಡಿದರೂ ವ್ಯತ್ಯಾಸ 6 ಗೆರೆಗಳ ಆಸುಪಾಸಿನಲ್ಲೇ ಇದೆ. ಡಯಲ್ಲನ್ನು ಎಳೆದು ಒತ್ತಿದಾಗ ಸೀಟಿಯ ಸ್ವರ ಸ್ಪಷ್ಟವಾಗಿ ಬದಲಾಗುತ್ತದೆ, ಆದರೆ ಆ ಬದಲಾವಣೆಗೆ ಸಮನಾದ ತಿರುಗುವಿಕೆ ಸುಮಾರು 2 ಗೆರೆ ಮಾತ್ರ. ಹಾಗಾದರೆ ಉಳಿದ 4 ಗೆರೆ ಚಕ್ರದ್ದು ಎಂದುಕೊಳ್ಳಬಹುದೇ?

ತಟ್ಟುವ ಪರೀಕ್ಷೆ ನನ್ನ ಊಹೆಯನ್ನು ತಲೆಕೆಳಗು ಮಾಡಿತು. ಸಿ ಡ್ರಾಯರಿನ ಮೇಲೆ ತಟ್ಟಿದಾಗ ಸ್ವರ ಜಿಗಿಯುತ್ತದೆ. ಅದನ್ನು ತೆಗೆದು ಡಿ ಡ್ರಾಯರನ್ನು ಹಾಕಿದರೆ ಎಷ್ಟು ತಟ್ಟಿದರೂ ಜಿಗಿಯುವುದಿಲ್ಲ. ಅಂದರೆ ಮೂರನೆಯ ತೊಂದರೆಗೂ ಗೇರ್‌ಪೆಟ್ಟಿಗೆಗೂ ಸಂಬಂಧವೇ ಇಲ್ಲ.

ಕಡಲಾಚೆಯ ಕನ್ನಡಿಗ (ಇಂಗ್ಲೆಂಡ್)

ನಿಮ್ಮ ಅಳತೆ ಸರಿಯಾಗಿದೆ, ಅದನ್ನು ಆವರ್ತನಕ್ಕೆ ಬದಲಿಸಿ ನೋಡಿದರೆ ಈ ಕೆಲಸ ಏಕೆ ಮುಖ್ಯ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಸಿ ಡ್ರಾಯರಿನ ಬ್ಯಾಂಡ್‌ಸ್ಪ್ರೆಡ್‌ನಲ್ಲಿ 7.0ಯಿಂದ 7.3 ಮೆಗಾಹರ್ಟ್ಸ್ ವರೆಗಿನ ಪಟ್ಟಿ ಡಯಲ್ಲಿನ 50ರಿಂದ 450ರವರೆಗೆ, ಅಂದರೆ 400 ಗೆರೆಗಳಲ್ಲಿ ಹರಡಿಕೊಳ್ಳುತ್ತದೆ. ಸರಾಸರಿ ಒಂದು ಗೆರೆಗೆ 0.75 ಕಿಲೋಹರ್ಟ್ಸ್, ನಿಮ್ಮ 6 ಗೆರೆ ಎಂದರೆ 4.5 ಕಿಲೋಹರ್ಟ್ಸ್. ಒಂದು ಎಸ್‌ಎಸ್‌ಬಿ (ಹವ್ಯಾಸಿಗಳು ಮಾತಿಗೆ ಬಳಸುವ, ಕಡಿಮೆ ಜಾಗ ಹಿಡಿಯುವ ಪ್ರಸಾರ ಕ್ರಮ) ಮಾತುಕತೆ ಹಿಡಿಯುವ ಜಾಗ ಅದಕ್ಕಿಂತ ಕಡಿಮೆ. ಪ್ಲೇ ಮುಗಿಯುವಷ್ಟರಲ್ಲಿ ನೀವು ಪಕ್ಕದವರ ಮಾತಿನೊಳಗೆ ಇರುತ್ತೀರಿ. ಗೆರೆಗಳ ನಡುವೆ ಸುಮಾರು ಕಾಲು ಇಂಚು ಇರುವುದರಿಂದ, ಗೇರ್ ಬಿಗಿಯಾಗಿದ್ದರೆ ಇದೇ ಡಯಲ್ಲಿನಲ್ಲಿ 100 ಹರ್ಟ್ಸ್ ಸರಿಸಲು ಕೈ ಒಂದು ಮಿಲಿಮೀಟರಿಗೂ ಕಡಿಮೆ ಚಲಿಸಿದರೆ ಸಾಕು. ಎಸ್‌ಎಸ್‌ಬಿ ಹವ್ಯಾಸಿಗಳ ನಿತ್ಯದ ಬಳಕೆಗೆ ಬರುವುದಕ್ಕೆ ಎಷ್ಟೋ ಮೊದಲು, 1935ರ ಹೊತ್ತಿಗೆ, ಮ್ಯಾಸಚೂಸೆಟ್ಸಿನ ಮಾಲ್ಡನ್‌ನಲ್ಲಿ ಈ ಗೇರನ್ನು ಮಾಡಿದವರ ಕೌಶಲ ದೊಡ್ಡದು. ಯುದ್ಧಕಾಲದಲ್ಲಿ ಬ್ರಿಟನ್ನಿನ ಆಲಿಕೆ ಕೇಂದ್ರಗಳು ಶತ್ರುಗಳ ಮೋರ್ಸ್ ಸಂಕೇತಗಳನ್ನು ಹಿಡಿದು ಗೂಢಲಿಪಿ ಬಿಡಿಸುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕಿಗೆ ಕಳುಹಿಸುತ್ತಿದ್ದಾಗ ಬಳಸಿದ ಮುಖ್ಯ ರಿಸೀವರ್‌ಗಳಲ್ಲಿ ಇದೂ ಒಂದು. ಬರೆದಿಟ್ಟ ಅಂಕಿಗೆ ಮರಳಿದರೆ ಅದೇ ನಿಲ್ದಾಣ ಸಿಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಆ ಕೆಲಸ ನಡೆಯುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉಳಿದ 4 ಗೆರೆ ಚಕ್ರದ್ದೇ. ನಾನು ಇಲ್ಲಿ ಎರಡು ಎಚ್‌ಆರ್‌ಒಗಳನ್ನು ರಿಪೇರಿ ಮಾಡಿದ್ದೇನೆ. ಎರಡರಲ್ಲೂ ಗೇರನ್ನು ಪೂರ್ತಿ ಬಿಚ್ಚಿಯೇ ಸರಿಪಡಿಸಿದೆ. ಬಿಚ್ಚುವ ಮೊದಲು ಗ್ಯಾಂಗಿನ ಪ್ರತಿಯೊಂದು ರೋಟರ್ (ತಿರುಗುವ ಪ್ಲೇಟುಗಳ ಗುಂಪು) ಅಕ್ಷಕ್ಕೆ ಎಲ್ಲಿ ಜೋಡಿಕೊಂಡಿದೆಯೋ ಅಲ್ಲಿ ಸೂಜಿಯ ಮೊನೆಯಿಂದ ಗೆರೆ ಹಾಕಿಕೊಳ್ಳಬೇಕು. ನಾಲ್ಕು ರೋಟರ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಕೂತರೂ ಆಸಿಲೇಟರಿಗೂ ಮುಂಭಾಗದ ಹಂತಗಳಿಗೂ ಹೊಂದಿಕೆ ತಪ್ಪಿ ಪಟ್ಟಿಯ ಒಂದು ತುದಿಯಲ್ಲಿ ಕಿವುಡು ಬರುತ್ತದೆ. ಚಕ್ರವನ್ನು ಮರಳಿ ಕೂರಿಸುವಾಗ ಎರಡು ಪದರಗಳನ್ನು ಸ್ಪ್ರಿಂಗಿನ ಒತ್ತಡಕ್ಕೆ ವಿರುದ್ಧವಾಗಿ ಒಂದು ಅಥವಾ ಎರಡು ಹಲ್ಲಿನಷ್ಟು ಸರಿಸಿ, ಬಿದಿರಿನ ತೆಳು ಸೀಳಿನಿಂದ ಹಾಗೆಯೇ ಹಿಡಿದು, ವರ್ಮಿಗೆ ಹೊಂದಿಸಿದ ಮೇಲೆ ಸೀಳನ್ನು ಎಳೆಯಬೇಕು. ಹೆಚ್ಚು ಹಲ್ಲು ಸರಿಸಿದರೆ ಬಿಗಿ ಹೆಚ್ಚಾಗಿ ಡಯಲ್ ಭಾರವಾಗುತ್ತದೆ, ಸವೆತವೂ ಬೇಗ ಬರುತ್ತದೆ.

ಜಿಗಿತದ ವಿಷಯದಲ್ಲಿ ನೀವು ಸರಿಯಾದ ಕಡೆಗೆ ಬಂದಿದ್ದೀರಿ. ಡ್ರಾಯರಿನೊಳಗೆ ನಾಲ್ಕು ಡಬ್ಬಿಗಳಿವೆ. ಪ್ರತಿಯೊಂದರಲ್ಲೂ ಒಂದು ಚಿಕ್ಕ ಸ್ಕ್ರೂವನ್ನು ಒಂದು ರಂಧ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವುದರಿಂದಲೇ ಸಾಮಾನ್ಯ ವ್ಯಾಪ್ತಿಯಿಂದ ಬ್ಯಾಂಡ್‌ಸ್ಪ್ರೆಡ್‌ಗೆ ಹೋಗುತ್ತೇವೆ. ಆ ಸ್ಕ್ರೂ ವಿದ್ಯುತ್ ಹರಿಯುವ ದಾರಿಯೇ ಆಗಿರುವುದರಿಂದ ಅರ್ಧ ಸುತ್ತು ಸಡಿಲವಾದರೂ ಆವರ್ತನ ಜಿಗಿಯುತ್ತದೆ. ಆಸಿಲೇಟರ್ ಡಬ್ಬಿಯ ಸ್ಕ್ರೂವನ್ನು ಮೊದಲು ನೋಡಿ.

ಸೋಲ್ಡರ್ ಹೊಗೆ (ಮಂಗಳೂರು)

ಹಿಂದಿನ ಉತ್ತರದ ಲೆಕ್ಕವೆಲ್ಲ ಸರಿ, ಆದರೆ ಪೂರ್ತಿ ಬಿಚ್ಚುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಹಳೆಯ ಪೆನ್ಸಿಲ್ ಗುರುತುಗಳು ಉಳಿಯಬೇಕಾಗಿದೆ. ಗ್ಯಾಂಗನ್ನು ಕದಲಿಸದೆ ಆಗುವ ಕೆಲಸ ಎಷ್ಟಿದೆಯೋ ಅಷ್ಟನ್ನು ಮೊದಲು ಮುಗಿಸಿ, ಅದು ಸಾಲದಿದ್ದರೆ ಮಾತ್ರ ಮುಂದೆ ಹೋಗುವುದು ಸರಿ. ಕರಾವಳಿಯ ತೇವದಲ್ಲಿ ನಾನು ಇಂಥ ಗೇರುಗಳನ್ನು ಹಲವು ಸಲ ತೊಳೆದಿದ್ದೇನೆ. ಅಂಟಿಕೊಂಡ ಪದರಗಳು ತಾಳ್ಮೆಯಿದ್ದರೆ ಕೂತಲ್ಲೇ ಬಿಡಿಸಿಕೊಳ್ಳುತ್ತವೆ.

ಗೇರ್‌ಪೆಟ್ಟಿಗೆಯನ್ನು ಹಲ್ಲುಗಳಿಗೆ ಬ್ರಶ್ ಮುಟ್ಟುವಷ್ಟು ಮಾತ್ರ ತೆರೆಯಿರಿ. ಕೆಳಗೂ ಪಕ್ಕಕ್ಕೂ ಹಳೆಯ ಹತ್ತಿಬಟ್ಟೆ ಒತ್ತಿ, ಕರಗಿದ ಗ್ರೀಸ್ ಗ್ಯಾಂಗಿನ ಪಿಂಗಾಣಿಯ ಮೇಲೆ ಹರಿಯದಂತೆ ನೋಡಿಕೊಳ್ಳಿ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಚಿಕ್ಕ ಬ್ರಶ್‌ನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು, ಡಯಲ್ಲನ್ನು ಕೊನೆಯಿಂದ ಕೊನೆಗೆ ತಿರುಗಿಸಿ, ಕೊಳೆಯನ್ನು ಒರೆಸಿ. ಒಂದೇ ದಿನಕ್ಕೆ ಆಗುವ ಕೆಲಸ ಇದಲ್ಲ; ನನಗೆ ಒಂದು ಯಂತ್ರದಲ್ಲಿ ನಾಲ್ಕು ಸಂಜೆ ಬೇಕಾಯಿತು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿಯಾಗಲಿ ಬಿಸಿಯಾದ ಸೋಲ್ಡರಿಂಗ್ ಐರನ್ ಆಗಲಿ ಇರಬಾರದು. ಸೀಮೆಎಣ್ಣೆ ಬೇಡ, ಅದು ಜಿಡ್ಡು ಉಳಿಸಿ ಧೂಳನ್ನು ಕರೆಯುತ್ತದೆ. ತುಕ್ಕು ಬಿಡಿಸಲು ಎಲ್ಲರೂ ಬಳಸುವ ಸ್ಪ್ರೇ ಡಬ್ಬಿಯನ್ನಂತೂ ಗ್ಯಾಂಗಿನ ಹತ್ತಿರವೂ ತರಬೇಡಿ. ಪ್ಲೇಟುಗಳ ನಡುವೆ ಸೇರಿದರೆ ಆವರ್ತನ ತಿಂಗಳುಗಟ್ಟಲೆ ಸ್ಥಿರವಾಗುವುದಿಲ್ಲ. ಚೊಕ್ಕಟವಾದ ಮೇಲೆ ಹಲ್ಲುಗಳಿಗೆ ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿ, ಬೇರಿಂಗುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದು ಹನಿ ಬಿಡಿ.

ತುದಿಯ ಬೇರಿಂಗಿನ ಬಿಗಿತವನ್ನು ತೊಳೆದ ಮೇಲೆಯೇ ಸರಿಪಡಿಸಬೇಕು, ಏಕೆಂದರೆ ಹಳೆಯ ಗ್ರೀಸ್ ಇರುವಾಗ ಕೈಗೆ ಸಿಗುವ ಬಿಗಿ ಸುಳ್ಳು. ಎಳೆದು ಒತ್ತಿದರೆ ಸ್ವರ ಬದಲಾಗಬಾರದು, ಅದೇ ಹೊತ್ತಿಗೆ ಡಯಲ್ ಬೆರಳ ತುದಿಗೆ ಸರಾಗವಾಗಿ ತಿರುಗಬೇಕು. ಆ ಎರಡರ ನಡುವಿನ ಜಾಗ ಬಹಳ ಕಿರಿದು, ಸ್ವಲ್ಪ ಸ್ವಲ್ಪವೇ ಹೋಗಿ.

ರೋಟರಿನ ಸ್ಪ್ರಿಂಗ್ ಸಂಪರ್ಕಗಳನ್ನು ಮರೆಯಬೇಡಿ. ಈ ಗ್ಯಾಂಗಿನಲ್ಲಿ ಪ್ರತಿಯೊಂದು ರೋಟರೂ ಚೌಕಟ್ಟಿನಿಂದ ಬೇರ್ಪಟ್ಟಿದ್ದು ತನ್ನದೇ ಆದ ಹಲವು ಬೆರಳುಗಳ ಸಂಪರ್ಕವನ್ನು ಹೊಂದಿದೆ. ಅಲ್ಲಿ ಕೊಳೆಯಿದ್ದರೆ ತಿರುಗಿಸುವಾಗ ಕರಕರ ಸದ್ದು ಬರುತ್ತದೆ. ಆಲ್ಕೋಹಾಲಿನಲ್ಲಿ ಅದ್ದಿದ ಗಟ್ಟಿ ಕಾಗದದ ಪಟ್ಟಿಯನ್ನು ಎಳೆದಾಡಿಸಿದರೆ ಸಾಕು. ಉಪ್ಪುಕಾಗದ ಹಾಕಿದರೆ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಹಸಿರು ಕಟ್ಟುತ್ತದೆ. ಡ್ರಾಯರಿನ ಸಂಪರ್ಕಗಳಿಗೂ ಇದೇ ಮಾತು.

ಕೊನೆಯದಾಗಿ ಡಯಲ್. ಅದನ್ನು ತೆಗೆಯಬೇಕಾದರೆ ಮೊದಲು ಗ್ಯಾಂಗನ್ನು ಪೂರ್ತಿ ಮುಚ್ಚಿ, ಆಗ ಕಾಣುವ ಅಂಕಿಯ ಫೋಟೊ ತೆಗೆದಿಡಿ. ಒಳಗಿನ ಅಂಕಿಫಲಕ ನಡುಬಿಂದುವಿನಿಂದ ಸರಿದ ಒಂದು ಗುಬುಟದ ಮೇಲೆ ಕೂತಿದೆ. ಹೊರಚಿಪ್ಪಿನ ಹಲ್ಲುಗಳಿಗೂ ಅದರ ಹಲ್ಲುಗಳಿಗೂ ಲೆಕ್ಕದಲ್ಲಿ ವ್ಯತ್ಯಾಸವಿರುವುದರಿಂದಲೇ ಪ್ರತಿ ಸುತ್ತಿಗೂ ಕಿಟಕಿಯಲ್ಲಿ ಹೊಸ ಅಂಕಿ ಬರುತ್ತದೆ. ಫಲಕ ಒಂದು ಹಲ್ಲು ತಪ್ಪಿ ಕೂತರೂ ಅಂಕಿಗಳು ಕಿಟಕಿಯ ಅಂಚಿಗೆ ಸರಿದು ಅರ್ಧ ಅರ್ಧ ಕಾಣುತ್ತವೆ. ಹಾಗೆ ಕಂಡರೆ ಬಲವಂತ ಮಾಡದೆ ಹೊರತೆಗೆದು ಮತ್ತೆ ಕೂರಿಸಿ.

ಕಡಲಾಚೆಯ ಕನ್ನಡಿಗ (ಇಂಗ್ಲೆಂಡ್)

ಮಂಗಳೂರಿನವರ ಮಾತು ಒಪ್ಪಿಗೆ. ನನ್ನ ಎರಡು ಯಂತ್ರಗಳನ್ನೂ ಹಿಂದೆ ಯಾರೋ ಬಿಚ್ಚಿ, ಪದರಗಳನ್ನು ಸರಿಸದೆಯೇ ಜೋಡಿಸಿಬಿಟ್ಟಿದ್ದರು. ಆದ್ದರಿಂದ ನನಗೆ ಬೇರೆ ದಾರಿ ಇರಲಿಲ್ಲ. ನಿಮ್ಮ ಯಂತ್ರದ ಸ್ಕ್ರೂ ತಲೆಗಳ ಮೇಲೆ ಸ್ಕ್ರೂಡ್ರೈವರ್ ಜಾರಿದ ಗಾಯಗಳಿಲ್ಲದಿದ್ದರೆ ಒಳಗಿನ ಒತ್ತಡ ಕಾರ್ಖಾನೆಯಲ್ಲಿ ಇಟ್ಟಂತೆಯೇ ಇರುವ ಸಂಭವ ಹೆಚ್ಚು. ತೊಳೆದೇ ನೋಡಿ.

ಮಲೆನಾಡಿನ ಕೇಳುಗ (ತೀರ್ಥಹಳ್ಳಿ)

ಮೂರು ವಾರಗಳ ಬಳಿಕ ವರದಿ ಒಪ್ಪಿಸುತ್ತಿದ್ದೇನೆ. ಸ್ಕ್ರೂ ತಲೆಗಳು ಹೊಸದರಂತೆಯೇ ಇದ್ದವು, ಹಾಗಾಗಿ ಬಿಚ್ಚಲಿಲ್ಲ.

ಮೊದಲು ಸಿ ಡ್ರಾಯರ್. ಆಸಿಲೇಟರ್ ಡಬ್ಬಿಯ ಸ್ಕ್ರೂ ಬಿಗಿಯಾಗಿಯೇ ಇತ್ತು, ಆದರೆ ಅದರ ತಲೆಯ ಕೆಳಗೆ ಹಸಿರು ಕಟ್ಟಿತ್ತು. ತೆಗೆದು ಆಲ್ಕೋಹಾಲಿನಲ್ಲಿ ಒರೆಸಿ ಮರಳಿ ಹಾಕಿದ ಮೇಲೆ ಕಡ್ಡಿಯಿಂದಲ್ಲ, ಬೆರಳ ಗೆಣ್ಣಿನಿಂದ ತಟ್ಟಿದರೂ ಸ್ವರ ಜಿಗಿಯುತ್ತಿಲ್ಲ. ಉಳಿದ ಮೂರು ಡ್ರಾಯರ್‌ಗಳ ಸ್ಕ್ರೂಗಳನ್ನೂ ಹಾಗೆಯೇ ಒರೆಸಿದ್ದೇನೆ.

ಗೇರಿಗೆ ಐದು ಸಂಜೆ ಹಿಡಿಯಿತು. ಮೊದಲ ಮೂರು ದಿನ ಬಟ್ಟೆಗೆ ಕಂದು ಮೇಣದಂಥ ಕೊಳೆ ಬರುತ್ತಲೇ ಇತ್ತು, ಪ್ಲೇ ಮಾತ್ರ ಕದಲಲಿಲ್ಲ. ನಿಜಕ್ಕೂ ಧೈರ್ಯ ಕುಗ್ಗಿತ್ತು. ನಾಲ್ಕನೆಯ ಸಂಜೆ ಡಯಲ್ಲನ್ನು ಆಚೀಚೆ ಆಡಿಸುತ್ತಿದ್ದಾಗ ಒಳಗಿನಿಂದ ಸಣ್ಣಗೆ ಟಿಕ್ ಎಂದಿತು. ಟಾರ್ಚ್ ಹಾಕಿ ನೋಡಿದರೆ ಚಕ್ರದ ಎರಡು ಪದರಗಳ ಹಲ್ಲುಗಳು ಒಂದರ ನೇರಕ್ಕೆ ಒಂದು ಇರದೆ ಕೂದಲಿನಷ್ಟು ಓರೆಯಾಗಿದ್ದವು. ಸ್ಪ್ರಿಂಗ್ ಎಚ್ಚರಗೊಂಡಿತ್ತು. ಗ್ರೀಸ್ ಹಾಕಿ, ತುದಿಯ ಬೇರಿಂಗನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸುತ್ತ ಬಂದು, ಡಯಲ್ ಭಾರವಾಗತೊಡಗಿದ ಕೂಡಲೇ ಅದಕ್ಕಿಂತ ತುಸು ಹಿಂದಕ್ಕೆ ತಂದು ನಿಲ್ಲಿಸಿದೆ.

ಅದೇ ನಿಲ್ದಾಣವನ್ನು ಮತ್ತೆ ಅಳೆದೆ. ಕೆಳಗಿನಿಂದಲೂ ಮೇಲಿನಿಂದಲೂ 339, ಕಣ್ಣಿಗೆ ಕಾಣುವ ವ್ಯತ್ಯಾಸ ಅರ್ಧ ಗೆರೆಯೂ ಇಲ್ಲ. ಡಯಲ್ಲನ್ನು ತೆಗೆಯುವ ಅಗತ್ಯವೇ ಬೀಳಲಿಲ್ಲ, ಹಾಗಾಗಿ ಅಂಕಿಗಳು ದೊಡ್ಡಪ್ಪ ಬಿಟ್ಟುಹೋದಂತೆಯೇ ಇವೆ. ಭಾನುವಾರ ಬೆಳಿಗ್ಗೆ ಸಿ ಡ್ರಾಯರಿನ ನಕ್ಷೆಯ ಅಂಚಿನಲ್ಲಿ ಅವರು 118ರ ಪಕ್ಕದಲ್ಲಿ ಹಾಕಿದ್ದ ಗುರುತಿಗೆ ತಿರುಗಿಸಿ ಕೂತೆ. ಏಳು ಗಂಟೆ ಕಳೆದ ಮೇಲೆ ಅಲ್ಲಿ ಕನ್ನಡದಲ್ಲಿಯೇ ಒಬ್ಬ ಹಿರಿಯರು ಮಾತಾಡತೊಡಗಿದರು. ಸ್ವರ ತಿಳಿಯಾಗಲು ಡಯಲ್ಲನ್ನು ಗೆರೆಯ ಕಾಲು ಭಾಗದಷ್ಟು ಸರಿಸಬೇಕಾಯಿತು, ಅಷ್ಟೆ.